ಬ್ರೆಡ್ ಕದ್ದ ಅಜ್ಜಿಗೆ ದಂಡ ಹಾಕಿದ ಮೇಯರ್: ಲಗ್ವಾರ್ಡಿಯಾ ನಿಜಕ್ಕೂ ಮಾಡಿದ್ದೇನು?

ಬನಶಂಕರಿ_ಬಸ್:
ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಆ ಫಾರ್ವರ್ಡ್ ಮತ್ತೆ ಬಂದಿದೆ. 1935ರ ಚಳಿಗಾಲ, ನ್ಯೂಯಾರ್ಕಿನ ಒಂದು ಕೋರ್ಟು. ಮೊಮ್ಮಕ್ಕಳಿಗೋಸ್ಕರ ಬ್ರೆಡ್ ಕದ್ದ ಅಜ್ಜಿ. ನ್ಯಾಯಾಧೀಶರ ಕುರ್ಚಿಯಲ್ಲಿ ಊರಿನ ಮೇಯರ್ ಫಿಯೊರೆಲ್ಲೊ ಲಗ್ವಾರ್ಡಿಯಾ. ಅಜ್ಜಿಗೆ ಹತ್ತು ಡಾಲರ್ ದಂಡ ಹಾಕಿ, ಅದನ್ನ ತಾವೇ ಜೇಬಿನಿಂದ ಕಟ್ಟಿದರಂತೆ. ಆಮೇಲೆ, ಇಂಥ ಊರಲ್ಲಿ ಬದುಕುತ್ತಿರುವ ತಪ್ಪಿಗೆ ಅಂತ ಕೋರ್ಟಿನಲ್ಲಿದ್ದ ಎಲ್ಲರಿಗೂ ತಲಾ 50 ಸೆಂಟ್ ದಂಡ ಹಾಕಿದರಂತೆ. ಕೆಳಗೆ ಸಾಲಾಗಿ ಕೈ ಮುಗಿದ ಇಮೋಜಿಗಳು, "ನಮಗೂ ಇಂಥ ಮೇಯರ್ ಬೇಕು" ಅನ್ನೋ ಕಾಮೆಂಟುಗಳು.

ಇದು ನಿಜಾನಾ? ನಿಜವೋ ಸುಳ್ಳೋ, ಈ ಮನುಷ್ಯನ ಬಗ್ಗೆ ಸ್ವಲ್ಪ ಸರಿಯಾಗಿ ಗೊತ್ತಿರುವವರು ಹೇಳಿ. ನ್ಯೂಯಾರ್ಕಿನ ಲಗ್ವಾರ್ಡಿಯಾ ವಿಮಾನ ನಿಲ್ದಾಣದ ಹೆಸರು ಬಿಟ್ಟರೆ ನನಗೇನೂ ಗೊತ್ತಿಲ್ಲ.

ಲೆಕ್ಕದ_ಮೇಷ್ಟ್ರು:
ಅವರು ಮ್ಯಾಜಿಸ್ಟ್ರೇಟ್ ಆಗಿ ಕೂತದ್ದು ನಿಜ. ನ್ಯೂಯಾರ್ಕಿನ ಮೇಯರ್‌ಗೆ ಆ ಅಧಿಕಾರ ಕಾನೂನಿನಲ್ಲೇ ಇತ್ತು. 1934ರಲ್ಲಿ ಜೂಜಿನ ಯಂತ್ರಗಳ ಕೇಸಿನಲ್ಲಿ ಅದನ್ನು ಬಳಸಿಯೂ ಇದ್ದರು. ಆದರೆ ಬ್ರೆಡ್ಡಿನ ಕಥೆ ಬಾಯಿಂದ ಬಾಯಿಗೆ ಬೆಳೆದದ್ದು. ಕೆಲವರು ಹೇಳುವಾಗ ಕದ್ದವಳು ಅಜ್ಜಿ, ಇನ್ನು ಕೆಲವರ ಬಾಯಲ್ಲಿ ನಡುಗುತ್ತಿದ್ದ ಮುದುಕ. ಅದನ್ನ ಚರಿತ್ರೆ ಅಂತ ನಾನು ಒಪ್ಪಲ್ಲ.

ನನ್ನ ತಕರಾರು ಬೇರೆ. ಆ ಕಥೆಯಲ್ಲಿ ಲಗ್ವಾರ್ಡಿಯಾ ಕರುಣೆ ಇರುವ ರಾಜ. ನಿಜವಾದ ಲಗ್ವಾರ್ಡಿಯಾ ಲೆಕ್ಕದ ಪುಸ್ತಕ ತೆರೆದು ಕೂತ ಮನುಷ್ಯ. 1934ರ ಜನವರಿ 1ಕ್ಕೆ ಅಧಿಕಾರ ತಗೊಂಡಾಗ ನಗರಸಭೆಯ ಬೊಕ್ಕಸ ಬರಿದು. ಹಿಂದಿನವರು 1933ರಲ್ಲಿ ಬ್ಯಾಂಕುಗಳ ಜೊತೆ ಒಪ್ಪಂದ ಮಾಡಿಕೊಂಡು ಹೇಗೋ ಉಸಿರು ಹಿಡಿದಿದ್ದರು. ಹೊಸ ಮೇಯರ್ ಮೊದಲು ಮಾಡಿದ್ದು ದಾನಧರ್ಮ ಅಲ್ಲ. ಸಂಬಳ ಕಡಿತ, ಹುದ್ದೆ ಕಡಿತ. ಅದಕ್ಕೆ ಕಾನೂನು ಬೇಕಿತ್ತು. ರಾಜ್ಯದ ಶಾಸನಸಭೆ ಇರುವ ಆಲ್ಬನಿ ಅದನ್ನ ಮತ್ತೆ ಮತ್ತೆ ತಿರಸ್ಕರಿಸಿತು. ಕೊನೆಗೆ ಏಪ್ರಿಲ್‌ನಲ್ಲಿ ನೀರು ಬೆರೆಸಿದ ರೂಪದಲ್ಲಿ ಪಾಸಾಯಿತು. ಅದೇ ವರ್ಷ ನಿರುದ್ಯೋಗಿಗಳ ಪರಿಹಾರಕ್ಕೆ ಅಂತ ಶೇ 2ರ ಮಾರಾಟ ತೆರಿಗೆಯೂ ಬಂತು. ಇದನ್ನ ಯಾರು ಫಾರ್ವರ್ಡ್ ಮಾಡ್ತಾರೆ ಹೇಳಿ?

ಹುಬ್ಬಳ್ಳಿ_ಗಿರಮಿಟ್:
ಮೇಷ್ಟ್ರೇ, ಬಜೆಟ್ ಓದಿಸಿ ನಿದ್ದೆ ಬರಿಸಬೇಡ್ರಿ. ಮನುಷ್ಯ ಎಲ್ಲಿಯವ, ಏನು ಕಥೆ, ಅದನ್ನ ಮೊದಲು ಹೇಳ್ರಿ.

ಲೆಕ್ಕದ_ಮೇಷ್ಟ್ರು:
ಆಯ್ತಪ್ಪ. ಹುಟ್ಟಿದ್ದು 1882ರ ಡಿಸೆಂಬರ್ 11, ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನಲ್ಲಿ. ಅಪ್ಪ ಇಟಲಿಯವರು, ಅಮೆರಿಕದ ಸೇನೆಯಲ್ಲಿ ಬ್ಯಾಂಡ್ ಮಾಸ್ಟರ್. ಅಮ್ಮ ಟ್ರಿಯೆಸ್ಟ್ ಊರಿನ ಯಹೂದಿ ಮನೆತನದವರು. ಬೆಳೆದದ್ದು ಅರಿಜೋನಾದ ದಂಡುಪ್ರದೇಶದಲ್ಲಿ. 1898ರ ಸ್ಪೇನ್ ಯುದ್ಧದ ಹೊತ್ತಿಗೆ ಅಪ್ಪ ಕೆಟ್ಟ ಮಾಂಸ ತಿಂದು ಹಾಸಿಗೆ ಹಿಡಿದರು. ಸೈನ್ಯಕ್ಕೆ ಹಾಳಾದ ಮಾಂಸ ಮಾರಿ ಕಂಟ್ರಾಕ್ಟರುಗಳು ದುಡ್ಡು ಮಾಡಿದ್ದು ಆ ಕಾಲದ ದೊಡ್ಡ ಹಗರಣ. ಅಪ್ಪ ಮತ್ತೆ ಸುಧಾರಿಸಿಕೊಳ್ಳಲಿಲ್ಲ, 1904ರಲ್ಲಿ ತೀರಿಕೊಂಡರು. ಕಂಟ್ರಾಕ್ಟರ್ ಅಂದರೆ ಮಗನಿಗೆ ಕೊನೆತನಕ ಮೈ ಉರಿಯುತ್ತಿತ್ತು.

ಆಮೇಲೆ ಯೂರೋಪಿನಲ್ಲಿ ಅಮೆರಿಕದ ಕಾನ್ಸುಲೇಟಿನ ಕೆಲಸ. ಬುಡಾಪೆಸ್ಟ್, ಆಮೇಲೆ ಆಗಿನ ಆಸ್ಟ್ರಿಯಾ-ಹಂಗೇರಿಯ ಫ್ಯೂಮೆ ಅನ್ನೋ ಬಂದರು ಪಟ್ಟಣ. ಅಲ್ಲಿಂದ ಬಡ ವಲಸಿಗರು ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದರು. ಅಲ್ಲಿ ಇಳಿದಮೇಲೆ ಕಣ್ಣಿನ ರೋಗ, ಇನ್ನೊಂದು ರೋಗ ಅಂತ ಎಷ್ಟೋ ಜನರನ್ನು ವಾಪಸ್ ಕಳಿಸುತ್ತಿದ್ದರು. ಮನೆ ಮಠ ಮಾರಿ ಹೊರಟವರ ಗತಿ? ಅದಕ್ಕೆ ಈ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಹತ್ತುವ ಮೊದಲೇ ಡಾಕ್ಟರ್ ಪರೀಕ್ಷೆ ಆಗಲೇಬೇಕು, ಇಲ್ಲದಿದ್ದರೆ ಹಡಗಿನ ಕಾಗದಕ್ಕೆ ಸಹಿ ಹಾಕಲ್ಲ ಅಂತ ಕೂತುಬಿಟ್ಟ. ಒಮ್ಮೆ ಆಸ್ಟ್ರಿಯಾದ ರಾಜಮನೆತನದ ಹೆಂಗಸೊಬ್ಬರು ವಲಸಿಗರು ಹಡಗು ಹತ್ತೋದನ್ನ ನೋಡಬೇಕು ಅಂತ ಆಸೆಪಟ್ಟರು. ಅವರಿಗೆ ಅನುಕೂಲ ಆಗುವ ಹೊತ್ತಿಗೇ ಜನರನ್ನು ಹತ್ತಿಸಿ ಅಂತ ಹೇಳಿ ಕಳಿಸಿದರು. ಹಡಗು ಹೊರಡೋದು ಇನ್ನೂ ತಡ ಇತ್ತು. ಜನರನ್ನು ಆಗಲೇ ಒಳಗೆ ತುರುಕಿದರೆ ಅಷ್ಟು ಹೊತ್ತೂ ಅಲ್ಲೇ ಕೊಳೀಬೇಕು. ಆಗಲ್ಲ ಅಂದುಬಿಟ್ಟ. ಮೇಲಿನವರಿಗೆ ಕೋಪ ಬಂತು. ಬಡ್ತಿ ಬರಲಿಲ್ಲ. 1906ರಲ್ಲಿ ಕೆಲಸ ಬಿಟ್ಟು ಬಂದ.

ಮುಂದೆ ನ್ಯೂಯಾರ್ಕಿನಲ್ಲಿ, ವಲಸಿಗರನ್ನ ತಪಾಸಣೆ ಮಾಡಿ ಒಳಬಿಡುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಹಗಲು ದುಭಾಷಿ ಕೆಲಸ, ರಾತ್ರಿ ಲಾ ಕಾಲೇಜು. 1910ರಲ್ಲಿ ವಕೀಲ.

ಬನಶಂಕರಿ_ಬಸ್:
ಈ ಫ್ಯೂಮೆ ಕಥೆ ಆ ಬ್ರೆಡ್ ಕಥೆಗಿಂತ ಎಷ್ಟೋ ಚೆನ್ನಾಗಿದೆಯಲ್ಲ!

ಕ್ವೀನ್ಸ್_ಕನ್ನಡತಿ:
ಒಂದು ನನ್ನ ಕಡೆಯಿಂದ. 1922ರಲ್ಲಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಿಂದ ಕಾಂಗ್ರೆಸ್‌ಗೆ ನಿಂತಿದ್ದರು (ಅಮೆರಿಕದ ಸಂಸತ್ತು, ನಮ್ಮ ಪಕ್ಷ ಅಲ್ಲ). ಎದುರಾಳಿ ಯಹೂದಿ. ಚುನಾವಣೆ ಹತ್ತಿರ ಬಂದಾಗ ಆ ಕಡೆಯವರು ಲಗ್ವಾರ್ಡಿಯಾ ಯಹೂದಿ ದ್ವೇಷಿ ಅಂತ ಕರಪತ್ರ ಹಂಚಿದರು. ಇವರ ತಾಯಿಯೇ ಯಹೂದಿ! ಬೇರೆಯವರಾಗಿದ್ದರೆ "ನಮ್ಮಮ್ಮ ಯಾರು ಗೊತ್ತಾ" ಅಂತ ಶುರು ಮಾಡುತ್ತಿದ್ದರು. ಇವರು ಅದನ್ನ ಎತ್ತಲೇ ಇಲ್ಲ. ಬಹಿರಂಗ ಪತ್ರ ಬರೆದು, ಬಾ, ನಮ್ಮಿಬ್ಬರ ಚರ್ಚೆ ಆಗಲಿ, ಪೂರ್ತಿ ಯೂರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲೇ ಆಗಲಿ ಅಂತ ಸವಾಲು ಹಾಕಿದರು. ಎದುರಾಳಿಗೆ ಯಿಡ್ಡಿಷ್ ಬರುತ್ತಿರಲಿಲ್ಲ. ಇವರಿಗೆ ನೀರು ಕುಡಿದ ಹಾಗೆ. ಸ್ವಲ್ಪದರಲ್ಲಿ ಗೆದ್ದರು.

ಹುಬ್ಬಳ್ಳಿ_ಗಿರಮಿಟ್:
ಇದು ಚಲೋ ಆಯ್ತು ನೋಡ್ರಿ. ಆದರೆ ನಾಟಕ ಸ್ವಲ್ಪ ಜಾಸ್ತಿ ಇತ್ತಲ್ವಾ ಆಸಾಮಿಗೆ? ಸುತ್ತಿಗೆ ಹಿಡಿದು ಜೂಜಿನ ಯಂತ್ರ ಒಡೆಯೋ ಫೋಟೋ ನೋಡಿದೀನಿ. ಕ್ಯಾಮೆರಾ ಇಲ್ಲದಿದ್ದರೆ ಒಡೀತಿದ್ನಾ?

ಕ್ವೀನ್ಸ್_ಕನ್ನಡತಿ:
ಖಂಡಿತ ಕ್ಯಾಮೆರಾ ಬೇಕಿತ್ತು ಅವರಿಗೆ. ಅದನ್ನ ಮುಚ್ಚಿಡಲೂ ಇಲ್ಲ. ಮದ್ಯ ನಿಷೇಧದ ಕಾಲದಲ್ಲಿ, 1926ರಲ್ಲಿ, ಪತ್ರಕರ್ತರನ್ನು ಕೂರಿಸಿಕೊಂಡು ಕಾಂಗ್ರೆಸ್ಸಿನ ಕೋಣೆಯಲ್ಲೇ ಎರಡು ಕಾನೂನುಬದ್ಧ ಪಾನೀಯ ಬೆರೆಸಿ ಬಿಯರ್ ಮಾಡಿ ಕುಡಿದು ತೋರಿಸಿದವರು. ಈ ಕಾನೂನು ನಡೆಯಲ್ಲ ಅಂತ ತೋರಿಸಲಿಕ್ಕೆ.

ಆದರೆ ನಾಟಕದ ಹಿಂದೆ ಕೆಲಸ ಇರುತ್ತಿತ್ತು. ಆರ್ಟಿಚೋಕ್ ಕಥೆ ಕೇಳಿ. ತಾವರೆ ಮೊಗ್ಗಿನ ಹಾಗೆ ಕಾಣುವ ತರಕಾರಿ ಅದು, ಇಟಲಿಯವರ ಅಡುಗೆಗೆ ಬೇಕೇ ಬೇಕು. ಕ್ಯಾಲಿಫೋರ್ನಿಯಾದಿಂದ ಬರುವ ಚಿಕ್ಕ ಆರ್ಟಿಚೋಕ್ ಪೂರ್ತಿ ಒಬ್ಬ ಮಾಫಿಯಾದವನ ಹಿಡಿತದಲ್ಲಿತ್ತು. ಹೆಸರು ಚಿರೊ ಟೆರಾನೋವಾ, ಜನ "ಆರ್ಟಿಚೋಕ್ ರಾಜ" ಅಂತಿದ್ದರು. ಅವನು ಹೇಳಿದ ಬೆಲೆ, ಅವನು ಹೇಳಿದ ವ್ಯಾಪಾರಿ. 1935ರ ಡಿಸೆಂಬರ್ 21, ಬೆಳಕು ಹರಿಯುವ ಹೊತ್ತು, ಕೊರೆಯುವ ಚಳಿ. ನಗರದ ಬ್ರಾಂಕ್ಸ್ ಭಾಗದ ಸಗಟು ಮಾರುಕಟ್ಟೆಗೆ ಮೇಯರ್ ಬಂದಿಳಿದರು. ಜೊತೆಗೆ ಪೊಲೀಸ್ ಕಹಳೆಯವರು. ಕಹಳೆ ಊದಿಸಿ, ಲಾರಿಯ ಹಿಂಭಾಗ ಹತ್ತಿ, ಐದಡಿ ಎರಡಂಗುಲದ ಈ ಕುಳ್ಳ ಮನುಷ್ಯ ತನ್ನ ಕೀರಲು ದನಿಯಲ್ಲಿ ಘೋಷಣೆ ಓದಿದರು: ಇಂದಿನಿಂದ ನಗರದಲ್ಲಿ ಚಿಕ್ಕ ಆರ್ಟಿಚೋಕ್ ಮಾರುವುದು, ಇಟ್ಟುಕೊಳ್ಳುವುದು ನಿಷಿದ್ಧ. ಮೂಟೆ ಹೊರುವವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮಾರಾಟವೇ ಇಲ್ಲ ಅಂದಮೇಲೆ ವಸೂಲಿ ಎಲ್ಲಿ? ಕೆಲವೇ ದಿನದಲ್ಲಿ ಬೆಲೆ ಇಳಿಯಿತು, ನಿಷೇಧವನ್ನೂ ತೆಗೆದರು. ತನಗೂ ಆರ್ಟಿಚೋಕ್ ಇಷ್ಟ ಅಂತ ಒಪ್ಪಿಕೊಂಡರು ಕೂಡ.

ಸೊಪ್ಪಿನ_ಗಾಡಿ:
ಮಾರುಕಟ್ಟೆ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೀನಿ. ನಮ್ಮಮ್ಮ ತಳ್ಳುಗಾಡಿಯಲ್ಲಿ ಸೊಪ್ಪು ಮಾರಿ ನಮ್ಮನ್ನ ಓದಿಸಿದವರು. ಲಗ್ವಾರ್ಡಿಯಾ ತಳ್ಳುಗಾಡಿಯವರನ್ನ ರಸ್ತೆಯಿಂದ ಎತ್ತಂಗಡಿ ಮಾಡಿದ ಮೇಯರ್ ಅನ್ನೋದನ್ನ ಯಾಕೆ ಯಾರೂ ಹೇಳ್ತಿಲ್ಲ? ವಲಸಿಗರ ಮಗ, ಬಡವರ ಬಂಧು ಅಂತೀರಿ. ಲೋವರ್ ಈಸ್ಟ್ ಸೈಡಿನಲ್ಲಿ, ಈಸ್ಟ್ ಹಾರ್ಲೆಮ್‌ನಲ್ಲಿ ತಳ್ಳುಗಾಡಿಯಲ್ಲೇ ಹೊಟ್ಟೆ ಹೊರೆಯುತ್ತಿದ್ದವರೂ ಯಹೂದಿ, ಇಟಾಲಿಯನ್ ವಲಸಿಗರೇ. 1939ರ ವಿಶ್ವ ಮೇಳಕ್ಕೆ ಊರು ಚೆಂದ ಕಾಣಬೇಕು ಅನ್ನೋ ಆತುರವೂ ಅದರಲ್ಲಿತ್ತು. ನಮ್ಮ ಕಡೆ ದೊಡ್ಡವರು ಬರ್ತಾರೆ ಅಂದರೆ ಫುಟ್‌ಪಾತ್ ಖಾಲಿ ಮಾಡಿಸ್ತಾರಲ್ಲ, ಅದೇ.

ಕ್ವೀನ್ಸ್_ಕನ್ನಡತಿ:
ಅರ್ಧ ಒಪ್ತೀನಿ. ಬರೀ ಎತ್ತಂಗಡಿ ಅಲ್ಲ, ಬದಲಿ ಜಾಗ ಕಟ್ಟಿಸಿದರು. 1936ರಲ್ಲಿ ಈಸ್ಟ್ ಹಾರ್ಲೆಮ್‌ನಲ್ಲಿ ರೈಲು ಹಳಿಯ ಕೆಳಗೆ ಒಂದು, 1940ರಲ್ಲಿ ಎಸೆಕ್ಸ್ ಸ್ಟ್ರೀಟ್, ಅದೇ ವರ್ಷ ಬ್ರಾಂಕ್ಸ್‌ನ ಆರ್ಥರ್ ಅವೆನ್ಯೂ. ಆರ್ಥರ್ ಅವೆನ್ಯೂ ಮಾರುಕಟ್ಟೆ ಇವತ್ತಿಗೂ ನಡೀತಿದೆ. ಒಳಗೆ ಹೋದರೆ ಒಂದು ಕಡೆ ಆಲಿವ್, ಚೀಸ್, ಇನ್ನೊಂದು ಕಡೆ ಕೂತು ಕೈಯಲ್ಲೇ ಸಿಗಾರ್ ಸುತ್ತುತ್ತಿರುತ್ತಾರೆ. ಮೇಲೆ ಸೂರು, ನೀರಿನ ನಲ್ಲಿ, ತೂಕಕ್ಕೆ ತಪಾಸಣೆ. ಮಳೆ ಹಿಮದಲ್ಲಿ ನಿಂತು ಮಾರಿದವರಿಗೆ ಇದು ಸಣ್ಣದಲ್ಲ.

ಸೊಪ್ಪಿನ_ಗಾಡಿ:
ಸೂರು ಸಿಕ್ಕಿದವರಿಗೆ ಸರಿ ಅಕ್ಕಾ. ಎಲ್ಲರಿಗೂ ಒಳಗೆ ಜಾಗ ಸಿಗಲಿಲ್ಲ. ಅಂಗಡಿ ಬಾಡಿಗೆ ಬೇರೆ. ಗಾಡಿ ಅಂದರೆ ಗಿರಾಕಿ ಇರೋ ಕಡೆ ನಾವು ಹೋಗೋದು. ಮಾರುಕಟ್ಟೆ ಅಂದರೆ ನಾವಿರೋ ಕಡೆ ಗಿರಾಕಿ ಬರಬೇಕು. ಆ ವ್ಯತ್ಯಾಸ ಆಫೀಸಲ್ಲಿ ಕೂತವರಿಗೆ ತಿಳಿಯಲ್ಲ.

ಹಳೇ_ಫೈಲು:
ಇನ್ನೊಂದು ಸೇರಿಸಿಕೊಳ್ಳಿ. ಬೀದಿಯಲ್ಲಿ ಪೆಟ್ಟಿಗೆ ವಾದ್ಯ ತಿರುಗಿಸಿ, ಕೋತಿ ಕುಣಿಸಿ ಕಾಸು ಎತ್ತುತ್ತಿದ್ದ ಇಟಾಲಿಯನ್ನರ ಲೈಸೆನ್ಸನ್ನೂ 1936ರಿಂದ ನಿಲ್ಲಿಸಿದರು. ಅರಿಜೋನಾದಲ್ಲಿ ಹುಡುಗನಾಗಿದ್ದಾಗ ಅಂಥವನೊಬ್ಬ ಊರಿಗೆ ಬಂದನಂತೆ. ಅವನನ್ನ ತೋರಿಸಿ ಜೊತೆಯ ಹುಡುಗರು ಇವರನ್ನ ಕಿಚಾಯಿಸಿದರಂತೆ. ಅದು ಮನಸ್ಸಲ್ಲೇ ಉಳಿದಿತ್ತು. ತನ್ನ ಜನ ಹಾಗೆ ಕಾಣಬಾರದು ಅನ್ನೋ ಹಟ. ಮೇಲೆ ಬಂದ ಮಗನಿಗೆ ಬೀದಿಯಲ್ಲಿರುವ ದೊಡ್ಡಪ್ಪನನ್ನ ಕಂಡರೆ ಆಗೋ ಮುಜುಗರ ಇದು. ನಮಗೆ ಹೊಸದೇನಲ್ಲ.

ಲೆಕ್ಕದ_ಮೇಷ್ಟ್ರು:
ಸರಿಯಾಗಿ ಹೇಳಿದಿರಿ. ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಗಿರಮಿಟ್ ಅವರು ಕ್ಷಮಿಸಬೇಕು, ಮತ್ತೆ ದುಡ್ಡಿನದೇ. ಲಗ್ವಾರ್ಡಿಯಾ ಕಟ್ಟಿಸಿದ್ದು ಎಷ್ಟು ನೋಡಿ. 1934ರಲ್ಲಿ ನಗರ ವಸತಿ ಪ್ರಾಧಿಕಾರ, ಮರುವರ್ಷವೇ ಮೊದಲ ಸರ್ಕಾರಿ ಮನೆಗಳು. 1936ರ ಬೇಸಿಗೆಯಲ್ಲಿ ಟ್ರೈಬರೋ ಸೇತುವೆ, ಜೊತೆಗೆ 11 ದೊಡ್ಡ ಈಜುಕೊಳ. 1939ರಲ್ಲಿ ವಿಮಾನ ನಿಲ್ದಾಣ. ಖಾಲಿ ಬೊಕ್ಕಸದ ಊರಿಗೆ ಇದೆಲ್ಲ ಎಲ್ಲಿಂದ ಬಂತು? ವಾಷಿಂಗ್ಟನ್‌ನಿಂದ. ಇವರು ರಿಪಬ್ಲಿಕನ್, ಅಧ್ಯಕ್ಷ ರೂಸ್‌ವೆಲ್ಟ್ ಡೆಮಾಕ್ರಟ್. ಆದರೂ ಇಬ್ಬರಿಗೂ ಸಮಾನ ಶತ್ರು ಒಂದಿತ್ತು: ನ್ಯೂಯಾರ್ಕಿನ ಡೆಮಾಕ್ರಟಿಕ್ ಪಕ್ಷವನ್ನು ಕೈಯಲ್ಲಿಟ್ಟುಕೊಂಡಿದ್ದ ಟ್ಯಾಮನಿ ಹಾಲ್ ಕೂಟ. ಇವರು ಆಗಾಗ ವಾಷಿಂಗ್ಟನ್‌ಗೆ ಹೋಗುತ್ತಿದ್ದರು, ಕೈಯಲ್ಲಿ ನಕ್ಷೆ, ಅಂದಾಜು ಪಟ್ಟಿ ಎಲ್ಲ ರೆಡಿ. ಬೇರೆ ಊರಿನವರು ಇನ್ನೂ ಅರ್ಜಿ ಬರೀತಿರುವಾಗ ಇವರ ಕಾಮಗಾರಿ ಶುರು. ಕೇಂದ್ರದ ಉದ್ಯೋಗ ಯೋಜನೆಯವರು ನ್ಯೂಯಾರ್ಕ್ ನಗರವನ್ನ ಪ್ರತ್ಯೇಕ ರಾಜ್ಯ ಅಂತಲೇ ಲೆಕ್ಕ ಹಾಕುತ್ತಿದ್ದರು. ಆಗ ಅಮೆರಿಕದಲ್ಲಿ 48 ರಾಜ್ಯ, ಇದು 49ನೇದು.

ಪ್ರಾಮಾಣಿಕ ಮನುಷ್ಯ ಸಿಕ್ಕರೆ ಊರು ಉದ್ಧಾರ ಆಗುತ್ತೆ ಅಂತ ಫಾರ್ವರ್ಡ್ ಹೇಳುತ್ತೆ. ನಾನು ಹೇಳೋದು, ಪ್ರಾಮಾಣಿಕ ಮನುಷ್ಯನಿಗೆ ಅಧಿಕಾರ, ದುಡ್ಡು, ಸಮಯ ಮೂರೂ ಸಿಕ್ಕಿತ್ತು. ಸಮಯ ಅಂದರೆ ಹನ್ನೆರಡು ವರ್ಷ. 1933ರಲ್ಲಿ ಎದುರಿನ ಮತ ಇಬ್ಬರ ನಡುವೆ ಒಡೆದು ಶೇ 40ರ ಆಸುಪಾಸಿನಲ್ಲಿ ಗೆದ್ದವರು 1937, 1941ರಲ್ಲಿ ಮತ್ತೆ ಗೆದ್ದರು.

ಹಳೇ_ಫೈಲು:
ಪಾಲಿಕೆಯಲ್ಲಿ ಗುಮಾಸ್ತನಾಗಿ ಸೇರಿ ರಿಟೈರ್ ಆದವನು ನಾನು. ನಮ್ಮ ಗ್ರೂಪುಗಳಲ್ಲಿ "ಇಂಥ ಮೇಯರ್ ಬೇಕು" ಅನ್ನುವವರಿಗೆ ಒಂದೇ ಪ್ರಶ್ನೆ. ಬೆಂಗಳೂರಿನ ಮೇಯರ್‌ಗೆ ಇಷ್ಟು ವರ್ಷ ಸಿಗುತ್ತಿದ್ದದ್ದು ಒಂದೇ ವರ್ಷ. ಸನ್ಮಾನದ ಹಾರ ಒಣಗೋದ್ರೊಳಗೆ ಅವಧಿ ಮುಗಿಯೋದು. ಫೈಲಿಗೆ ಸಹಿ ಆಯುಕ್ತರದ್ದು. ನೀರು ಜಲಮಂಡಳಿ, ಬಸ್ಸು ಬಿಎಂಟಿಸಿ, ಬಡಾವಣೆ ಬಿಡಿಎ. ಮೇಯರ್ ಕೈಯಲ್ಲಿ ಉಳಿದದ್ದೇನು? ಗೌನು, ಚಿನ್ನದ ಸರ. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದಮೇಲೆ ವರ್ಷಗಟ್ಟಲೆ ಅದೂ ಇರಲಿಲ್ಲ. ಲಗ್ವಾರ್ಡಿಯಾನೇ ಹುಟ್ಟಿ ಬಂದರೂ ಈ ಕುರ್ಚಿಯಲ್ಲಿ ಕೂತು ಏನು ಮಾಡಿಯಾರು?

ಹುಬ್ಬಳ್ಳಿ_ಗಿರಮಿಟ್:
ಲಾರಿ ಹತ್ತಿ ಕಹಳೆ ಊದಿಸ್ತಿದ್ರು. 😄

ಕರಿಹಲಗೆ:
ಎಲ್ಲರೂ ಸೇತುವೆ, ಕೊಳ ಅಂತಿದ್ದೀರಿ. ಕರಿಯರು ಹೆಚ್ಚಾಗಿದ್ದ ಹಾರ್ಲೆಮ್ ಬಡಾವಣೆ ಬಗ್ಗೆಯೂ ಮಾತಾಡೋಣ. 1935ರ ಮಾರ್ಚ್ 19. 125ನೇ ಬೀದಿಯ ಅಂಗಡಿಯಲ್ಲಿ ಒಬ್ಬ ಹುಡುಗ ಚಿಕ್ಕ ಚಾಕು ಕದ್ದ ಅಂತ ಹಿಡಿದರು. ಅವನನ್ನ ಹೊಡೆದು ಸಾಯಿಸಿದರು ಅಂತ ಸುದ್ದಿ ಹಬ್ಬಿತು. ಹುಡುಗನಿಗೇನೂ ಆಗಿರಲಿಲ್ಲ. ಆದರೆ ಜನ ನಂಬಿದರು, ಯಾಕಂದರೆ ಪೊಲೀಸರು ಅಂಥವರೇ ಅಂತ ಅವರಿಗೆ ಗೊತ್ತಿತ್ತು. ಗಲಭೆಯಲ್ಲಿ ಮೂವರು ಸತ್ತರು. ಮೇಯರ್ ಒಂದು ಸಮಿತಿ ಮಾಡಿದರು. ಸಮಾಜಶಾಸ್ತ್ರಜ್ಞ ಫ್ರೇಜಿಯರ್ ಅಧ್ಯಯನ ನಡೆಸಿದರು. ವರದಿ ನೇರವಾಗಿ ಹೇಳಿತು: ಕೆಲಸ ಕೊಡಲ್ಲ, ಶಾಲೆ ಹಾಳು, ಆಸ್ಪತ್ರೆ ಹಾಳು, ಪೊಲೀಸರ ದೌರ್ಜನ್ಯ. ಮೇಯರ್ ಅದನ್ನ ಪ್ರಕಟಿಸಲೇ ಇಲ್ಲ. 1936ರಲ್ಲಿ ಕರಿಯರ ಪತ್ರಿಕೆ ಆಮ್ಸ್ಟರ್‌ಡ್ಯಾಮ್ ನ್ಯೂಸ್ ಅದನ್ನ ಅಚ್ಚು ಹಾಕಿತು.

1943ರಲ್ಲಿ ಒಂದು ವಿಮಾ ಕಂಪನಿ ಸ್ಟೈವೆಸಂಟ್ ಟೌನ್ ಅನ್ನೋ ದೊಡ್ಡ ವಸತಿ ಸಮುಚ್ಚಯ ಕಟ್ಟಲು ಹೊರಟಿತು. ಕರಿಯರಿಗೆ ಮನೆ ಕೊಡಲ್ಲ ಅನ್ನೋದು ಗುಟ್ಟೇನಲ್ಲ. ನಗರ ಜಾಗ ತೆರವು ಮಾಡಿ, ತೆರಿಗೆ ವಿನಾಯಿತಿ ಕೊಟ್ಟು ಒಪ್ಪಿತು. ಮೇಯರ್ ತಡೆಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರವೇ ಬಂಧನ ಶಿಬಿರಕ್ಕೆ ತಳ್ಳಿದ್ದ ಜಪಾನಿ ಮೂಲದ ಅಮೆರಿಕನ್ನರು 1944ರಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸೋದನ್ನ ಇದೇ ಮೇಯರ್ ವಿರೋಧಿಸಿದರು. ಎಲ್ಲಿಸ್ ದ್ವೀಪದಲ್ಲಿ ವಲಸಿಗರ ಕಷ್ಟ ಕಣ್ಣಾರೆ ಕಂಡವರು!

ಕ್ವೀನ್ಸ್_ಕನ್ನಡತಿ:
ಇದಕ್ಕೆ ಸಮರ್ಥನೆ ಇಲ್ಲ. 1943ರ ಆಗಸ್ಟ್‌ನಲ್ಲಿ ಹಾರ್ಲೆಮ್ ಮತ್ತೆ ಹೊತ್ತಿಕೊಂಡಿತು. ಪೊಲೀಸನೊಬ್ಬ ಕರಿಯ ಸೈನಿಕನಿಗೆ ಗುಂಡು ಹೊಡೆದಿದ್ದ. ಆ ರಾತ್ರಿ ಮೇಯರ್ ತಾವೇ ಬೀದಿಗಿಳಿದರು, ಮತ್ತೆ ಮತ್ತೆ ರೇಡಿಯೊದಲ್ಲಿ ಮಾತಾಡಿದರು, ಪೊಲೀಸರಿಗೆ ಕೈ ಬಿಗಿ ಹಿಡಿಯಲು ಹೇಳಿದರು. ಆರು ಜನ ಸತ್ತರು. ಅದಕ್ಕೂ ಒಂದೂವರೆ ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ 34 ಜನ ಸತ್ತಿದ್ದರು. ಗಲಭೆ ನಿಭಾಯಿಸೋದು ಕಲಿತಿದ್ದರು. ಗಲಭೆಗೆ ಕಾರಣ ಆದದ್ದನ್ನ ಸರಿ ಮಾಡೋದು ಕಲಿಯಲಿಲ್ಲ.

ಬನಶಂಕರಿ_ಬಸ್:
ಥ್ರೆಡ್ ಎಲ್ಲಿಂದ ಎಲ್ಲಿಗೋ ಹೋಯಿತು, ಒಳ್ಳೇದೇ. ಕೈ ಕೆಳಗಿನವರ ಜೊತೆ ಹೇಗಿದ್ದರು?

ಲೆಕ್ಕದ_ಮೇಷ್ಟ್ರು:
ಭಯಂಕರ ಕೋಪಿಷ್ಠ. ಅಧಿಕಾರಿಗಳನ್ನ ಎಲ್ಲರ ಮುಂದೆ ಬೈಯುತ್ತಿದ್ದರು. ಎದುರು ನಿಂತದ್ದು ಪಾರ್ಕ್ ಕಮಿಷನರ್ ರಾಬರ್ಟ್ ಮೋಸೆಸ್ ಒಬ್ಬರೇ. ಆ ಈಜುಕೊಳ, ಸೇತುವೆ ಎಲ್ಲ ಅವರ ಕೈಕೆಲಸ. ರೂಸ್‌ವೆಲ್ಟ್‌ಗೂ ಮೋಸೆಸ್‌ಗೂ ಹಳೇ ಹಗೆ. ಮೋಸೆಸ್‌ರನ್ನ ಟ್ರೈಬರೋ ಸೇತುವೆ ಪ್ರಾಧಿಕಾರದಿಂದ ತೆಗೀದಿದ್ದರೆ ದುಡ್ಡು ಕೊಡಲ್ಲ ಅಂತ ವಾಷಿಂಗ್ಟನ್ ಒತ್ತಡ ಹಾಕಿತು, ಆದೇಶವನ್ನೂ ಹೊರಡಿಸಿತು. ಮೋಸೆಸ್ ಪತ್ರಿಕೆಗಳಿಗೆ ಸುದ್ದಿ ಬಿಟ್ಟರು, ಗದ್ದಲ ಆಯಿತು, ಆದೇಶ ವಾಪಸ್. ಇನ್ನು ಮಾತೆತ್ತಿದರೆ ರಾಜೀನಾಮೆ ಬರೆದು ಬಿಸಾಡೋದು ಮೋಸೆಸ್ ಅಭ್ಯಾಸ. ಕೊನೆಗೆ ಮೇಯರ್ ರಾಜೀನಾಮೆ ಫಾರಂನ ಒಂದು ಪ್ಯಾಡನ್ನೇ ಅಚ್ಚು ಹಾಕಿಸಿ ಕೊಟ್ಟರು. ಹುದ್ದೆ, ತಾರೀಕು ತುಂಬಿದರೆ ಸಾಕು.

ಕ್ವೀನ್ಸ್_ಕನ್ನಡತಿ:
ಆ ಕೊಳಗಳಲ್ಲಿ ಒಂದು ನಮ್ಮ ಕ್ವೀನ್ಸ್‌ನ ಅಸ್ಟೋರಿಯಾದ್ದು. 1936ರ ಜುಲೈನಲ್ಲಿ ತೆರೆದದ್ದು, ಈಗಲೂ ಬೇಸಿಗೆಯಲ್ಲಿ ಎಲ್ಲರಿಗೂ ಉಚಿತ. ಲಾಕರ್‌ಗೆ ಹಾಕಲು ಬೀಗ ಒಂದು ತಗೊಂಡು ಹೋಗಬೇಕು, ಅಷ್ಟೇ. ತಲೆ ಎತ್ತಿದರೆ ಅದೇ ಟ್ರೈಬರೋ ಸೇತುವೆ. ನೀರಲ್ಲಿ ಬಂಗಾಳಿ, ಗ್ರೀಕ್, ಸ್ಪ್ಯಾನಿಷ್ ಎಲ್ಲ ಒಟ್ಟಿಗೆ ಕೇಳುತ್ತೆ. ಫ್ಲಶಿಂಗ್ ಗಣೇಶನ ಗುಡಿಗೆ ಬರುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಮಕ್ಕಳನ್ನ ದುಬಾರಿ ಕ್ಲಬ್ಬಿಗೆ ಕಳಿಸ್ತಾರೆ.

ವಿಮಾನ ನಿಲ್ದಾಣದ ಕಥೆಯನ್ನೂ ಮುಗಿಸಿಬಿಡ್ತೀನಿ. 1934ರಲ್ಲಿ ಇವರ ವಿಮಾನ ನೂವರ್ಕ್‌ನಲ್ಲಿ ಇಳಿಯಿತು. ಅದು ಪಕ್ಕದ ನ್ಯೂಜೆರ್ಸಿ ರಾಜ್ಯ. ಟಿಕೆಟ್ಟಿನಲ್ಲಿ ನ್ಯೂಯಾರ್ಕ್ ಅಂತಿದೆ, ನಾನು ಇಳಿಯಲ್ಲ ಅಂತ ಸೀಟಲ್ಲೇ ಕೂತರು. ಕೊನೆಗೆ ನ್ಯೂಯಾರ್ಕ್ ನಗರದೊಳಗೇ ಇದ್ದ, ಬ್ರೂಕ್ಲಿನ್‌ನ ಫ್ಲಾಯ್ಡ್ ಬೆನೆಟ್ ಫೀಲ್ಡ್ ನಿಲ್ದಾಣಕ್ಕೆ ಹಾರಿಸಿಕೊಂಡು ಬಂದರು. ಐದು ವರ್ಷದಲ್ಲಿ ಕ್ವೀನ್ಸ್‌ನ ಕೊಲ್ಲಿಯಂಚಿಗೆ ಕಸ, ಮಣ್ಣು ತುಂಬಿ ನಿಲ್ದಾಣ ಕಟ್ಟಿಸಿದರು. 1939ರ ಅಕ್ಟೋಬರ್ 15ಕ್ಕೆ ಉದ್ಘಾಟನೆ.

ಹಳೇ_ಫೈಲು:
ದುಡ್ಡಿನ ವಿಷಯದಲ್ಲಿ ಕೈ ಶುದ್ಧ ಅನ್ನೋದಂತೂ ಖಾತ್ರಿ. ಮೇಯರ್ ಆದಮೇಲೂ 1942ರ ತನಕ ಈಸ್ಟ್ ಹಾರ್ಲೆಮ್‌ನ ಬಾಡಿಗೆ ಮನೆಯಲ್ಲೇ ಇದ್ದರು. 1947ರ ಸೆಪ್ಟೆಂಬರ್ 20ಕ್ಕೆ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಬಿಟ್ಟುಹೋದದ್ದು ಅಡವಿಟ್ಟ ಮನೆ, ಎಂಟು ಸಾವಿರ ಡಾಲರಿನ ಯುದ್ಧ ಬಾಂಡು.

ನನ್ನನ್ನ ಕಾಡೋದು ಅಕ್ಕನ ವಿಷಯ. ಅಕ್ಕ ಜೆಮ್ಮಾ ಹಂಗೇರಿಯ ಯಹೂದಿಯನ್ನ ಮದುವೆಯಾಗಿ ಬುಡಾಪೆಸ್ಟ್‌ನಲ್ಲಿದ್ದರು. 1944ರಲ್ಲಿ ನಾಜಿಗಳು ಹಿಡಿದು ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಹಾಕಿದರು, ಲಗ್ವಾರ್ಡಿಯಾ ಅಕ್ಕ ಅಂತ ಒತ್ತೆಯಾಗಿಟ್ಟುಕೊಂಡರು. ಗಂಡ ಇನ್ನೊಂದು ಶಿಬಿರದಲ್ಲಿ ಸತ್ತರು. ಯುದ್ಧ ಮುಗಿದಾಗ ಅಕ್ಕ ಬರ್ಲಿನ್‌ನಲ್ಲಿ, ಮಗಳು ಮತ್ತು ಎಳೇ ಮೊಮ್ಮಗುವಿನ ಜೊತೆ, ಕೈಯಲ್ಲಿ ಕಾಸಿಲ್ಲ. ತಮ್ಮ 1946ರಲ್ಲಿ ಇಡೀ ಯೂರೋಪಿನ ನಿರಾಶ್ರಿತರಿಗೆ ಅನ್ನ ಹಂಚುವ ವಿಶ್ವಸಂಸ್ಥೆ ಪರಿಹಾರ ಸಂಸ್ಥೆಯ ಮುಖ್ಯಸ್ಥ. ಒಂದು ಮಾತು ಸಾಕಿತ್ತು. ದುಡ್ಡು ಕಳಿಸಿದರು. ಆದರೆ ಲಕ್ಷಾಂತರ ಜನ ಇದೇ ಸ್ಥಿತಿಯಲ್ಲಿದ್ದಾರೆ, ನಿನಗೆ ಬೇರೆ ನಿಯಮ ಇಲ್ಲ ಅಂತ ಸರದಿಯಲ್ಲೇ ಕಾಯಿಸಿದರು. ಅಕ್ಕ ನ್ಯೂಯಾರ್ಕ್ ತಲುಪಿದ್ದು 1947ರಲ್ಲಿ. ಅಷ್ಟು ಹೊತ್ತಿಗೆ ತಮ್ಮನೇ ಹಾಸಿಗೆ ಹಿಡಿದಿದ್ದರು.

ಸೊಪ್ಪಿನ_ಗಾಡಿ:
ಇದು ಪ್ರಾಮಾಣಿಕತೆನಾ, ಕಲ್ಲು ಮನಸ್ಸಾ?

ಹಳೇ_ಫೈಲು:
ನನ್ನ ಸರ್ವಿಸಿನಲ್ಲಿ ಶಿಫಾರಸು ಚೀಟಿ ಇಲ್ಲದೆ ಬಂದ ಫೈಲು ಅಪರೂಪ. ಹಾಗಾಗಿ ನನಗೆ ಅವರ ಮೇಲೆ ಗೌರವ. ಆದರೆ ನಾನು ಆ ಜಾಗದಲ್ಲಿದ್ದಿದ್ದರೆ ಅಕ್ಕನನ್ನ ಕರೆಸಿಕೊಳ್ಳುತ್ತಿದ್ದೆ.

ಹುಬ್ಬಳ್ಳಿ_ಗಿರಮಿಟ್:
ಒಂದು ಕೇಳಬೇಕು ಮೇಷ್ಟ್ರೇ. ಆ ಕಾಲದಲ್ಲಿ ಸಬ್‌ವೇಗೆ, ಅಂದರೆ ಅಲ್ಲಿನ ಮೆಟ್ರೋ ರೈಲಿಗೆ, ಐದೇ ಸೆಂಟ್ ಟಿಕೆಟ್ ಅಂತ ಓದಿದ್ದೆ. ಅದೂ ಇವರ ಕೊಡುಗೆನಾ?

ಲೆಕ್ಕದ_ಮೇಷ್ಟ್ರು:
ಕೊಡುಗೆ ಅಲ್ಲ, ತಲೆನೋವು. ಐದು ಸೆಂಟ್ 1904ರಿಂದ ಇತ್ತು. ಮುಟ್ಟಿದ ರಾಜಕಾರಣಿ ಕೆಟ್ಟ ಅನ್ನೋ ನಂಬಿಕೆ. 1940ರಲ್ಲಿ ಲಗ್ವಾರ್ಡಿಯಾ ಎರಡು ಖಾಸಗಿ ಸಬ್‌ವೇ ಕಂಪನಿಗಳನ್ನ 32 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ನಗರಕ್ಕೆ ಕೊಂಡರು. ನಗರದ್ದೇ ಆದ ಒಂದೂ ಸೇರಿ ಮೂರು ಜಾಲ ಒಂದಾದವು, ಅದು ದೊಡ್ಡ ಕೆಲಸ. ದರ ಮಾತ್ರ ಏರಿಸಲಿಲ್ಲ. ನಷ್ಟ ನಗರದ ತಲೆ ಮೇಲೆ ಬಂತು. 1945ರಲ್ಲಿ ನಾಲ್ಕನೇ ಸಲ ನಿಲ್ಲಲ್ಲ ಅಂತ ಹೊರಟುಹೋದರು. ಆ ವರ್ಷ ಜುಲೈನಲ್ಲಿ ಪತ್ರಿಕೆ ಹಂಚುವವರ ಮುಷ್ಕರ ಆದಾಗ ಮಕ್ಕಳಿಗಾಗಿ ರೇಡಿಯೊದಲ್ಲಿ ಕಾಮಿಕ್ಸ್ ಓದಿದರು, ಅದೂ ಪಾತ್ರಗಳ ದನಿ ಮಾಡಿ. ಜನಕ್ಕೆ ಇವತ್ತಿಗೂ ನೆನಪಿರೋದು ಅದು. ಸಬ್‌ವೇ ಬಿಲ್ಲು ಬಂದದ್ದು ಮುಂದಿನ ಮೇಯರ್ ವಿಲಿಯಂ ಒ'ಡ್ವಯರ್ ಮೇಜಿಗೆ. 1948ರ ಜುಲೈ 1ಕ್ಕೆ ಐದು ಸೆಂಟ್ ಹತ್ತಾಯಿತು. ಬೈಗುಳ ಪೂರ್ತಿ ಒ'ಡ್ವಯರ್‌ಗೆ.